ಯಾವುದಕ್ಕೆ ಹೋಲಿಸಿ?

ಕೊಲ್ಚಾನಿಯ ಶಾಲೆಗೆ ಮೂರೇ ಕೋಣೆ,
ಗೋಡೆಯ ಬುಡಕ್ಕೆ ಉಪ್ಪಿನ ಇಟ್ಟಿಗೆ.
ನಾಲಿಗೆ ತಾಕಿಸಿ ನೋಡಿದವರ ಹೆಸರು
ಹಲಗೆಯ ಮೂಲೆಯಲ್ಲಿ ಬರೆದಿಡುತ್ತಿದ್ದರು.
ನನ್ನ ಹೆಸರು ಅಳಿಸಿದ್ದು ನೆನಪಿಲ್ಲ.

ಸೆಫೆರಿನೋ ಮೇಷ್ಟ್ರು ಬಂದದ್ದು ಒರೂರೋದಿಂದ, ಗಾಳಿಯ ತಿಂಗಳು,
ಕೊರಳಿಗೆ ಅಲ್ಪಾಕದ ಮಫ್ಲರು, ಕಂಕುಳಲ್ಲಿ ಗಾಳಿ ಹೋದ ಫುಟ್‌ಬಾಲು.
"ತೂಗುವುದು, ಜಾಗ ಹಿಡಿಯುವುದು:
ದ್ರವ್ಯ ಅಂದರೆ ಇಷ್ಟೇ. ಉದಾಹರಣೆ ಕೊಡಿ."
ಕಲ್ಲು. ಲಾಮಾ. ಉಪ್ಪು. ಮತ್ತೆ ಉಪ್ಪು.
ಲಾಮಾದ ಉಗುಳು, ಅಂದ ಎವರಿಸ್ತೋ.
ಹಿಂದಿನ ಬೆಂಚು ನಗುವಿಗೆ ಮುಂದಕ್ಕೆ ಬಾಗಿತು.
ಮೇಷ್ಟ್ರು ನಗಲಿಲ್ಲ: "ಸರಿ. ದ್ರವ. ಬರೆದುಕೊಳ್ಳಿ."

ಗಾಳಿಗೆ ತೂಕ ಉಂಟೆ?
ನಮ್ಮಮ್ಮನ ತಕ್ಕಡಿ ಎರವಲು ಬಂತು.
ಸೊರಗಿದ ಚೆಂಡಿಗೆ ಸಮನಾಗಿ ಉಪ್ಪು ಸುರಿದು,
ಪಂಪು ಹೊಡೆದು ಉಬ್ಬಿಸಿ, ಮತ್ತೆ ಇಟ್ಟರು.
ಮುಳ್ಳು ನಡುಗಿತು,
ಕೂದಲೆಳೆಯಷ್ಟು ವಾಲಿತು.
"ಕಡಲ ಪಕ್ಕದ ಗಾಳಿ ಇನ್ನೂ ಭಾರ," ಅಂದರು,
"ಇಲ್ಲಿ ಎತ್ತರ, ತೆಳುಗಾಳಿ."
ಕಡಲು ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ;
ಮಾರ್ಚಿನಲ್ಲಿ ಒಂದು ದಿನ ಮಾತ್ರ
ಅದಕ್ಕಾಗಿ ಬಾವುಟ ಹಿಡಿದು ನಡೆಯುತ್ತಿದ್ದೆವು.
ನೀರು ಆರಿಸಿಟ್ಟ ಕಡಲಲ್ಲವೆ ಇದು,
ಎಂದಳು ಬೆನೀತಾ, ಕಿಟಕಿಯತ್ತ ಕೈ ಮಾಡಿ.
"ಕಡಲಲ್ಲ, ಕೆರೆ. ಆರಿಸಿದ್ದು ಬಿಸಿಲು.
ಹಾರುವುದು ನೀರು ಮಾತ್ರ; ಕರಗಿದ್ದು ಕೂತಿರುತ್ತದೆ."
ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ನಮ್ಮ ನೀರು ವಾರಕ್ಕೆರಡು ಸಲ ಟ್ಯಾಂಕರಿನಲ್ಲಿ ಬರುತ್ತಿತ್ತು.

ಚಲನೆಯ ಪಾಠಕ್ಕೆ ಅಪ್ಪನ ಲಾರಿ.
ಕ್ಯಾಬಿನ್ನಿನ ಮರೆಯಲ್ಲಿ ಹದಿನೇಳು ಮಕ್ಕಳು, ಅರ್ಧ ಮೂಟೆ ಕಿತ್ತಳೆ.
ಊರು ಚುಕ್ಕಿಯಾಗಿ, ಚುಕ್ಕಿ ಇಲ್ಲವಾಗಿ,
ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ಒಂದು ಗೆರೆ.
"ಈಗ ಹೇಳಿ, ಹೋಗುತ್ತಿದ್ದೇವೋ ನಿಂತಿದ್ದೇವೋ?"
ಎಂಜಿನ್ ಗುರುಗುಡುತ್ತಿದೆ, ಅಂದೆವು. "ಅದು ಸದ್ದು."
ಗಾಳಿ ಬಡಿಯುತ್ತಿದೆ. "ನಿಂತವರಿಗೂ ಬಡಿಯುತ್ತದೆ."
ತುನೂಪಾ ಬೆಟ್ಟ ಎಲ್ಲಿತ್ತೋ ಅಲ್ಲೇ ಇದೆ, ಅಂದೆ ನಾನು.
ಆಗ ಕೇಳಿದರು ಆ ಎರಡೇ ಮಾತು:
ಯಾವುದಕ್ಕೆ ಹೋಲಿಸಿ?

ಬೆನೀತಾ ಕಿತ್ತಳೆಯೊಂದನ್ನು ಮೇಲಕ್ಕೆಸೆದಳು.
ಲಾರಿ ಅದನ್ನು ಬಿಟ್ಟು ಮುಂದೆ ಹೋದೀತೆಂದು
ಎಲ್ಲರೂ ಹಿಂದಕ್ಕೆ ತಿರುಗಿದೆವು.
ಅದು ಸಾಕಿದ ಹಕ್ಕಿಯ ಹಾಗೆ
ಅವಳ ಅಂಗೈಗೇ ಮರಳಿತು.
ಅಷ್ಟರಲ್ಲಿ ಅಪ್ಪ
(ಮೊದಲೇ ಮಾತಾಡಿಕೊಂಡಿದ್ದರೋ ಏನೋ)
ಬ್ರೇಕು ತುಳಿದ.
ಹದಿನೇಳು ಜನ ಒಬ್ಬರ ಮೇಲೊಬ್ಬರು,
ಕಿತ್ತಳೆಗಳು ತಗಡಿಗೆ ಡಬಡಬ ಬಡಿದು,
ಎವರಿಸ್ತೋನ ಮೂಗಿನಲ್ಲಿ ರಕ್ತ.
"ಜಡತ್ವ!" ಎಂದು ಕೂಗಿದರು ಮೇಷ್ಟ್ರು ರಾಶಿಯ ಅಡಿಯಿಂದ,
ಕನ್ನಡಕದ ಒಂದು ಗಾಜು ಒಡೆದಿತ್ತು.

ಆ ಪದದ ಅರ್ಥ ಅಪ್ಪ ಕೇಳಿದ್ದು ರಾತ್ರಿ, ಊಟಕ್ಕೆ ಕೂತಾಗ.
ಓಡುವುದಕ್ಕೆ ಓಡುತ್ತಲೇ ಇರಬೇಕು,
ಕೂತದ್ದಕ್ಕೆ ಕೂತೇ ಇರಬೇಕು,
ಹೊರಗಿನಿಂದ ಯಾರಾದರೂ ಬಂದು ತಳ್ಳುವ ತನಕ, ಅಂದೆ.
ಅಪ್ಪ ಕಿನೋವಾ ಗಂಜಿ ಕದಡುತ್ತ,
"ಇದಕ್ಕೆ ಶಾಲೆ ಯಾಕೆ, ನಿನ್ನ ಸೋದರಮಾವ ಸಾಲದೆ?" ಅಂದ.
ಅಮ್ಮ ಎರಡು ದಿನ ಅವನ ಜೊತೆ ಮಾತಾಡಲಿಲ್ಲ.

ಒಂದು ಪ್ರಶ್ನೆ ಬಾಕಿ ಉಳಿಯಿತು.
ಉಪ್ಪಿನ ಪೊಟ್ಟಣಗಳ ಬಾಯನ್ನು
ಅಮ್ಮ ಗ್ಯಾಸಿನ ಉರಿಗೆ ತೋರಿಸಿ ಅಂಟಿಸುತ್ತಿದ್ದಳು,
ಸಾವಿರವಾದರೆ ಒಂದು ದಿನದ ಕೂಲಿ.
ಉರಿ ದ್ರವ್ಯವೆ? ಎಂದು ಕೇಳಿದ್ದೆ.
ಮೇಷ್ಟ್ರು ಸೀಮೆಸುಣ್ಣ ಬೆರಳಲ್ಲಿ ತಿರುಗಿಸುತ್ತ ನಿಂತು
"ನಾಳೆ ಹೇಳುತ್ತೇನೆ" ಅಂದರು.
ನಾಳೆಗೆ ಮೊದಲು ವರ್ಗದ ಕಾಗದ ಬಂತು, ಪೊಟೋಸಿಗೆ.

ಮೊನ್ನೆ ಕರೆಂಟು ಹೋದಾಗ
ಅದೇ ತಕ್ಕಡಿಯ ಒಂದು ತಟ್ಟೆಯಲ್ಲಿ
ಮೊಂಬತ್ತಿ ಹಚ್ಚಿ ನಿಲ್ಲಿಸಿದೆ, ಇನ್ನೊಂದರಲ್ಲಿ ಉಪ್ಪು.
ಸಮ.
ನೋಡುತ್ತ ಕೂತೆ. ಮೊಂಬತ್ತಿ
ಯಾರೂ ಮುಟ್ಟದೆ ಮೆಲ್ಲಗೆ ಮೇಲೇರಿತು.
ಒಂದು ಚಿಟಿಕೆ ಉಪ್ಪು ತೆಗೆದೆ. ಸಮ.
ಮತ್ತೆ ಏರಿತು. ಮತ್ತೊಂದು ಚಿಟಿಕೆ.
ತೆಗೆದದ್ದನ್ನೆಲ್ಲ ಮೇಜಿನ ಅಂಚಿಗೆ
ಸಣ್ಣ ಗುಡ್ಡೆಗಳಾಗಿ ಸಾಲಿಟ್ಟು,
ಇಷ್ಟು ಬೆಳಕಾಯಿತು ನೋಡು, ಅಂದೆ.
ಅಮ್ಮ ಅಂಗೈಯಿಂದ ಸವರಿ ತೆಗೆದು
ಬಾಯಿ ತೆರೆದಿದ್ದ ಪೊಟ್ಟಣಕ್ಕೆ ಹಾಕಿಕೊಂಡಳು.